ಬೋರಲು ಹಾಕಿದ ಎರಡು ಎಲೆ

ಆ ಸಂಜೆ ಮಾವನವರ ಕೈಯಲ್ಲಿದ್ದ ಎರಡು ಇಸ್ಪೀಟು ಎಲೆಗಳು ಯಾವುವು ಎಂದು ನಾನು ಆಣೆ ಮಾಡಿ ಹೇಳಲಾರೆ. ಏಳರ ಜೋಡಿ ಎಂದು ನನ್ನ ನೆನಪು. ಹಿಂದೆ ನಿಂತಿದ್ದ ನನ್ನ ಹೆಂಡತಿ ಅದರಲ್ಲೊಂದು ಗುಲಾಮ ಎನ್ನುತ್ತಾಳೆ. ಮಗಳಿಗೆ ಆ ಹೋಟೆಲಿನಲ್ಲಿ ತಿಂದ ಐಸ್‌ಕ್ರೀಮ್ ಬಿಟ್ಟರೆ ಏನೂ ನೆನಪಿಲ್ಲ. ಹೊರಗೆ ಮಳೆ ಹೊಡೆಯುತ್ತಿತ್ತು ಎಂದು ನಾನು ಬಹಳ ಕಾಲ ನಂಬಿದ್ದೆ. ಆಮೇಲೊಮ್ಮೆ ಫೋಟೋ ತೆಗೆದು ನೋಡಿದರೆ ಸಮುದ್ರದ ಮೇಲೆ ಒಳ್ಳೇ ಬಿಸಿಲು. ಮಳೆಯ ವಿಷಯದಲ್ಲಿ ಸುಳ್ಳು ಹೇಳಿದ ನೆನಪನ್ನು ಎಲೆಗಳ ವಿಷಯದಲ್ಲಿ ಯಾಕೆ ನಂಬಬೇಕು?

ಅದು ಕೋವಿಡ್ಡಿನ ಮೊದಲ ವರ್ಷದ ನವೆಂಬರ್. ಅತ್ತೆ ತೀರಿಕೊಂಡ ಮೇಲೆ ಮನಸ್ಸಿಗೆ ಬದಲಾವಣೆ ಆಗಲಿ ಎಂದು ಮಾವನವರನ್ನು ನಾವೇ ಫೆಬ್ರವರಿಯಲ್ಲಿ ಮೈಸೂರಿನಿಂದ ಟೋಕಿಯೋದ ನಿಶಿ ಕಸಾಯಿಯಲ್ಲಿರುವ ನಮ್ಮ ಮನೆಗೆ ಕರೆಸಿಕೊಂಡಿದ್ದೆವು. ಬಂದು ಒಂದು ತಿಂಗಳಾಗುವಷ್ಟರಲ್ಲಿ ವಿಮಾನಗಳು ನಿಂತವು. ಡಿಸೆಂಬರಿನಲ್ಲಿ ಅತ್ತೆಯ ವರ್ಷಾಬ್ದಿಕ. ಅವರಿಗೆ ಗಂಡುಮಕ್ಕಳಿಲ್ಲ, ಮೈಸೂರಿಗೆ ಹೋಗಿ ತಾವೇ ಅದನ್ನು ಮಾಡಬೇಕು ಎನ್ನುವುದೊಂದೇ ಮಾವನವರ ಹಟ. ಬೇರೆ ಯಾವುದಕ್ಕೂ ಹಟ ಮಾಡಿದವರಲ್ಲ.

ವಿಶೇಷ ವಿಮಾನವೊಂದರಲ್ಲಿ ಅವರಿಗೊಂದು ಸೀಟು ಸಿಗುವಂತಿತ್ತು. ಆದರೆ ದೆಹಲಿಯಲ್ಲಿ ಒಬ್ಬರೇ ಇಳಿದು ಬೇರೆ ವಿಮಾನ ಹತ್ತಬೇಕು. ನಾವು ಜೊತೆಗೆ ಹೋದರೆ ಜಪಾನಿನೊಳಗೆ ವಾಪಸ್ಸು ಬಿಟ್ಟುಕೊಳ್ಳುತ್ತಾರೆಂಬ ಖಾತ್ರಿ ಇರಲಿಲ್ಲ. ಹೆಂಡತಿಗೆ ಇನ್ನೊಂದು ಭಯ: ಅಪ್ಪನಿಗೆ ಮರೆವು ಶುರುವಾಗಿದೆ. ಒಮ್ಮೆ ಒಲೆಯ ಮೇಲೆ ಹಾಲಿಟ್ಟು ಮರೆತಿದ್ದರು. ಒಮ್ಮೆ ರೈಲಿನಲ್ಲಿ ನಿಶಿ ಕಸಾಯಿಯ ಬದಲು ಮುಂದಿನ ಸ್ಟೇಷನ್ನಾದ ಕಸಾಯಿಯಲ್ಲಿ ಇಳಿದಿದ್ದರು. ಕಸಾಯಿಯಲ್ಲಿ ನಾನೂ ಇಳಿದಿದ್ದೇನೆ, ಆದರೆ ಆಗ ನನಗೆ ಎಪ್ಪತ್ತು ದಾಟಿರಲಿಲ್ಲ. ಸೋಮವಾರದೊಳಗೆ ಸೀಟಿಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಅದಕ್ಕೆ ಮೊದಲಿನ ಶನಿವಾರ, ಪ್ರವಾಸಕ್ಕೆಂದು ಸರ್ಕಾರ ಕೊಡುತ್ತಿದ್ದ ರಿಯಾಯಿತಿ ಹಿಡಿದು, ಟೋಕಿಯೋದ ಅರ್ಧ ಜನರಂತೆ ನಾವೂ ಸಮುದ್ರತೀರದ ಅತಾಮಿಯ ಬಿಸಿನೀರಿನ ಬುಗ್ಗೆಗೆ ಹೊರಟೆವು.

ಅಲ್ಲಿ ಮಾವನವರು ಸ್ನಾನದ ಮನೆಯ ಬಾಗಿಲಿನಿಂದಲೇ ವಾಪಸ್ಸಾದರು. ಎಲ್ಲರೆದುರು ಬಟ್ಟೆ ಬಿಚ್ಚಬೇಕೆಂದು ಯಾರೂ ಮೊದಲೇ ಹೇಳಿರಲಿಲ್ಲವಂತೆ. ಊಟಕ್ಕೆ ಇನ್ನೂ ಹೊತ್ತಿತ್ತು. ಹೋಟೆಲಿನ ನೆಲಮಾಳಿಗೆಯಲ್ಲಿ ಒಂದು ಕ್ಯಾಸಿನೋ ಮೂಲೆ ಇದೆ ಎಂದು ಬೋರ್ಡು ನೋಡಿ ಅವರೇ ಮೊದಲು ನಡೆದರು.

ಕ್ಯಾಸಿನೋ ಎಂದರೆ ಹೆಸರಿಗೆ. ಜಪಾನಿನಲ್ಲಿ ದುಡ್ಡಿಟ್ಟು ಆಡುವಂತಿಲ್ಲ. ಸ್ವಲ್ಪ ಯೆನ್ ಕೊಟ್ಟರೆ ಒಂದು ಬಟ್ಟಲು ಪ್ಲಾಸ್ಟಿಕ್ ಬಿಲ್ಲೆ ಕೊಡುತ್ತಾರೆ. ಎಷ್ಟು ಗೆದ್ದರೂ ಕೊನೆಗೆ ಬಿಸ್ಕತ್ತಿನ ಪೊಟ್ಟಣವೋ ಕೈವಸ್ತ್ರವೋ ಸಿಗುತ್ತದೆ. ಆಟಗಾರರ ನಡುವೆ ಪಾರದರ್ಶಕ ಹಲಗೆಗಳು. ಎಲೆ ಹಂಚುವ ಹುಡುಗಿ ಕೈಗೆ ಗವುಸು, ಮುಖಕ್ಕೆ ಮಾಸ್ಕು ಹಾಕಿದ್ದಳು. ಎಲ್ಲರ ಕಣ್ಣು ಮಾತ್ರ ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ಜೂಜಾಡಲು ಕೂತಂತಿತ್ತು.

ಮಾವನವರಿಗೆ ನಾನು ಪೋಕರ್ ವಿವರಿಸಿದೆ. ಕೈಗೆ ಎರಡೇ ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಒಂದೊಂದಾಗಿ ತೆರೆಯುತ್ತಾರೆ. ಎರಡನ್ನೂ ಸೇರಿಸಿ ಯಾರದು ದೊಡ್ಡದೋ ಅವರು ಗೆದ್ದಂತೆ. ಜೋಡಿ, ಮೂರು ಒಂದೇ ತರಹ, ಸಾಲು. ಅವರು ಜೀವನವಿಡೀ ರಮ್ಮಿ ಆಡಿದವರು. ಭಾನುವಾರ ಮಧ್ಯಾಹ್ನ ತಮ್ಮನ ಮನೆಯಲ್ಲಿ ಆಟ. ಅತ್ತೆಗೆ ಇಸ್ಪೀಟು ಕಂಡರಾಗದ ಕಾರಣ ಹೆಣ್ಣುಮಕ್ಕಳು ಆ ಮೇಜಿನ ಹತ್ತಿರವೂ ಸುಳಿದಿರಲಿಲ್ಲ.

"ಇಷ್ಟೇನಾ? ಹದಿಮೂರು ಎಲೆ ಹಿಡಿಯೋ ಕೈಗೆ ಎರಡು ಕೊಟ್ಟು ಕೂರಿಸ್ತೀರಲ್ಲ ಅಳಿಯಂದ್ರೇ," ಎಂದರು. ತಿಂಗಳುಗಳ ನಂತರ ಅವರ ದನಿಯಲ್ಲಿ ಸ್ವಲ್ಪ ಜೀವ ಇತ್ತು. ಅಥವಾ ಹಾಗೆಂದು ನಾನು ಈಗ ಸೇರಿಸಿಕೊಳ್ಳುತ್ತಿದ್ದೇನೆ.

ಎದುರಿಗೆ ಒಬ್ಬ ವಯಸ್ಸಾದ ಜಪಾನಿ ಗಂಡಸು. ಕೆಲವು ಆಟ ಸುಮ್ಮನೆ ಬಂದು ಹೋದವು. ಆಮೇಲಿನ ಆಟದಲ್ಲಿ ಮಾವನವರು ಎಲೆಗಳನ್ನು ನನ್ನ ಕಡೆ ಸ್ವಲ್ಪ ವಾಲಿಸಿದರು. ಏಳರ ಜೋಡಿ ಕಂಡೆ, ಅಥವಾ ಕಂಡೆನೆಂದುಕೊಂಡೆ. ಮೇಜಿನ ಮೇಲೂ ಒಂದು ಏಳು ಬಿತ್ತು. ನಾನು ಆಗಲೇ ಸೋತು ಕೈಬಿಟ್ಟಿದ್ದೆ. ಉಳಿದವರು ಅವರಿಬ್ಬರೇ. ಕೊನೆಯ ಎಲೆಯೂ ತೆರೆದು, ಇಬ್ಬರೂ ಬಿಲ್ಲೆ ತಳ್ಳಿ ಆದ ಮೇಲೆ ಮಾವನವರು ತಮ್ಮ ಎಲೆಗಳೆರಡನ್ನೂ ಒಂದರ ಮೇಲೊಂದು ಜೋಡಿಸಿ, ಬೋರಲಾಗಿ ಮೇಜಿನ ನಡುವೆ ಇಟ್ಟು, ಕೈಕಟ್ಟಿ ಹಿಂದಕ್ಕೆ ಒರಗಿದರು.

ಪೋಕರಿನಲ್ಲಿ ಎಲೆಯನ್ನು ಬೋರಲಾಗಿ ಮುಂದಕ್ಕೆ ಹಾಕಿದರೆ ಸೋಲೊಪ್ಪಿಕೊಂಡಂತೆ. ಹುಡುಗಿ ತಲೆಬಾಗಿ ಅವನ್ನು ಎಳೆದು ಬೇರೆ ಎಲೆಗಳಲ್ಲಿ ಬೆರೆಸಿಬಿಟ್ಟಳು. ಬಿಲ್ಲೆಗಳೆಲ್ಲ ಎದುರಿನವರ ಕಡೆ ಹೋದವು. ಮಾವನವರು ಕೈಕಟ್ಟಿಕೊಂಡೇ ಇದ್ದರು. ಏನನ್ನೋ ಕಾಯುತ್ತಿರುವವರ ಹಾಗೆ.

"ಅಪ್ಪ, ಯಾಕೆ ಹಾಗೆ ಕೊಟ್ಟುಬಿಟ್ರಿ?" ಎಂದು ಹೆಂಡತಿ ಕೇಳಿದಳು.

"ನಾನೆಲ್ಲಿ ಕೊಟ್ಟೆ? ಅವರು ತೆಗೆದು ನೋಡ್ಬೇಕಿತ್ತು."

"ಯಾರು?"

"ಅವರೇ."

ಅವಳು ಅವರ ಭುಜದ ಮೇಲೆ ಕೈಯಿಟ್ಟು, ಮಗುವನ್ನು ಕೇಳುವಂತೆ, ಈಗ ನಾವೆಲ್ಲಿದ್ದೇವೆ ಎಂದು ಕೇಳಿದಳು. ಅವರು ಅವಳ ಕಡೆ ತಿರುಗಲಿಲ್ಲ. "ಮೈಸೂರಲ್ಲಂತೂ ಇಲ್ಲ," ಎಂದರು.

ರೂಮಿನ ಹೊರಗೆ ಕಾರಿಡಾರಿನಲ್ಲಿ ಅವಳು ನನ್ನನ್ನು ನಿಲ್ಲಿಸಿದಳು. ಕಣ್ಣೆದುರಿಗೇ ನೋಡಿದ್ದಾಯಿತು, ಇಂಥವರನ್ನು ದೆಹಲಿಯಲ್ಲಿ ಒಬ್ಬರೇ ಬಿಟ್ಟರೆ ಏನು ಗತಿ ಎಂದಳು. ನಾನು, ಅದು ಮರೆವಲ್ಲ, ರಮ್ಮಿಯ ಯಾವುದೋ ಅಭ್ಯಾಸ ಇರಬಹುದು ಎಂದೆ.

"ಇರಬಹುದಾ, ಇದ್ಯಾ? ಖಂಡಿತಾ ಅಂತ ಹೇಳ್ರೀ, ಈಗ್ಲೇ ಸೀಟ್ ಬುಕ್ ಮಾಡ್ತೀನಿ."

ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ ಅಷ್ಟು ವರ್ಷ ಕೂತು ನಾನು ಕಲಿತದ್ದು ಮುಖ್ಯವಾಗಿ ಒಂದೇ: ಪರೀಕ್ಷಿಸದೆ ಇದ್ದದ್ದನ್ನು ಖಂಡಿತ ಎನ್ನಬಾರದು. ನಾನಾಡಿದ ರಮ್ಮಿಯಲ್ಲಿ ಗೆದ್ದವನು ಮುಗಿಸುವ ಒಂದು ಎಲೆಯನ್ನು ಬೋರಲು ಹಾಕಿ, ಉಳಿದದ್ದನ್ನು ತಾನೇ ಬಿಡಿಸಿ ತೋರಿಸುತ್ತಾನೆ. ಎಲ್ಲವನ್ನೂ ಬೋರಲು ಹಾಕಿ ಕೂರುವವರನ್ನು ನಾನು ನೋಡಿರಲಿಲ್ಲ. ಖಂಡಿತ ಎಂದು ಹೇಳಲಾರೆ ಎಂದೆ. ಊಟದ ಗಂಟೆ ಬಾರಿಸಿದರು. ಮಾವನವರು ಅನ್ನ, ಮೊಸರು ಮಾತ್ರ ತಿಂದರು. ಮೊಸರು ಬೀದಿಯ ಕೊಂಬಿನಿ ಅಂಗಡಿಯಿಂದ ನಾವೇ ತಂದದ್ದು.

ಸೀಟು ಬೇರೆಯವರ ಪಾಲಾಯಿತು. ಡಿಸೆಂಬರಿನಲ್ಲಿ ವರ್ಷಾಬ್ದಿಕ ನಮ್ಮ ಫ್ಲಾಟಿನಲ್ಲೇ ನಡೆಯಿತು. ಮೈಸೂರಿನ ಪುರೋಹಿತರು ಫೋನಿನಲ್ಲಿ ಮಂತ್ರ ಹೇಳಿದರು, ಮಧ್ಯೆ ಮಧ್ಯೆ ಲೈನು ಕಡಿದುಹೋಗುತ್ತಿತ್ತು. ಬಾಲ್ಕನಿಯಲ್ಲಿ ಪಿಂಡ ಇಟ್ಟು ಮಾವನವರು ಚಳಿಯಲ್ಲಿ ನಿಂತೇ ಇದ್ದರು. ನಮ್ಮ ಬೀದಿಯ ಕಸದ ಚೀಲಗಳಿಗೆ ದಿನಾ ಮುತ್ತುವ ದಪ್ಪ ಕಾಗೆಗಳಲ್ಲಿ ಒಂದೂ ಬರಲಿಲ್ಲ. ಬಂದಿತ್ತು ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಅದನ್ನು ನಾನು ವಾದಿಸಲು ಹೋಗುವುದಿಲ್ಲ.

ಮುಂದಿನ ಆಗಸ್ಟಿನಲ್ಲಿ ಅವರಿಗೆ ಸೋಂಕು ತಗಲಿತು. ಎಲ್ಲೂ ಹಾಸಿಗೆ ಇರಲಿಲ್ಲ. ಬೆರಳಿಗೆ ಆಮ್ಲಜನಕ ಅಳೆಯುವ ಯಂತ್ರ ಸಿಕ್ಕಿಸಿಕೊಂಡು ಮನೆಯಲ್ಲೇ ಕಾದರು. ಆಸ್ಪತ್ರೆ ಸಿಕ್ಕ ಮೇಲೆ ಹೆಚ್ಚು ದಿನ ಇರಲಿಲ್ಲ. ನಮಗೆ ಬಂದದ್ದು ಬಿಳಿ ಬಟ್ಟೆ ಸುತ್ತಿದ ಬೂದಿಯ ಗಡಿಗೆ. ಕೊನೆಯವರೆಗೂ ಅವರು ನಮ್ಮೆಲ್ಲರ ಫೋನ್ ನಂಬರನ್ನು ಬಾಯಲ್ಲೇ ಹೇಳುತ್ತಿದ್ದರು. ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತು.

ಓಡಾಟ ಸಲೀಸಾದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೂದಿ ಬಿಟ್ಟು, ಮೈಸೂರಿನಲ್ಲಿ ಅವರ ತಮ್ಮನ ಮನೆಯಲ್ಲಿ ಉಳಿದೆವು. ಒಂದು ಮಧ್ಯಾಹ್ನ ಹೆಂಡತಿ ಮಲಗಿದ್ದಾಗ, ರಮ್ಮಿ ಆಡೋಣವೇ ಎಂದು ಆ ಚಿಕ್ಕಮಾವನನ್ನು ಕೇಳಿದೆ. ಯಾಕೆಂದು ಹೇಳಲಿಲ್ಲ; ಹೇಳಿದ್ದರೆ ಪರೀಕ್ಷೆ ಕೆಡುತ್ತಿತ್ತು. ಎರಡು ಆಟ ನಾನೇ ಗೆದ್ದೆ. ಮೂರನೆಯದರಲ್ಲಿ ಅವರು ತಮ್ಮ ಎಲೆಗಳನ್ನೆಲ್ಲ ಒಟ್ಟು ಮಾಡಿ, ಬೋರಲಾಗಿ ನನ್ನ ಮುಂದಿಟ್ಟು, ಕೈಕಟ್ಟಿ ಒರಗಿದರು. ನಾನು ಸುಮ್ಮನೆ ಕೂತೆ.

"ತೆಗೆದು ನೋಡಿ ಅಳಿಯಂದ್ರೇ. ಗೆದ್ದೋನು ತನ್ನೆಲೆ ತಾನೇ ಬಿಡಿಸಬಾರದು, ಅದು ಜಂಬ. ಅಣ್ಣ ಮಾಡಿದ ರೂಲು."

ಒಬ್ಬರ ಮಾತು ಸಾಲದು ಎಂದು ಮರುದಿನ ಪಕ್ಕದ ಬೀದಿಗೆ ಹೋಗಿ, ಅವರೊಡನೆ ಆಡುತ್ತಿದ್ದ ಇನ್ನಿಬ್ಬರನ್ನು ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಒಂದೇ ಮಾತು ಹೇಳಿದರು: ಆ ಮೇಜಿನಲ್ಲಿ ಗೆದ್ದವನು ಎಲೆ ಬೋರಲು ಹಾಕಿ ಕೈಕಟ್ಟಿ ಕೂರಬೇಕು, ತೆರೆದು ನೋಡುವುದು ಎದುರಿನವನ ಕೆಲಸ.