ಫೋನ್ ಮಾಡಿದವರ ಕುರ್ಚಿ

ವಾಸುದೇವರಾಯರ ಹೆಸರು ನನ್ನ ಕಿವಿಗೆ ಬಿದ್ದದ್ದು ಎರಡು ಸಾವಿರದ ಇಸವಿಯ ಒಂದು ಸಂತೆಯ ದಿನ. ಗಂಡ ತೀರಿದ ಮೇಲೆ ಕಮಲಾಪುರ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಅಂಗಡಿ ನಾನೇ ನಡೆಸುತ್ತಿದ್ದೆ. ಅಕ್ಕನ ಮಗ ಪೀರಪ್ಪ ಕಲಬುರಗಿಯಿಂದ ಬಂದವನು ನಗುತ್ತ ಹೇಳಿದ:

“ಚಿಗವ್ವ, ಸಿನಿಮಾದಾಗ ಕ್ಯಾಮೆರಾ ಹಿಡದಾಂವ ನಾ, ಈಗ ಖಾಲಿ ಕುರ್ಚಿ ತೆಗ್ಯಾಕತ್ತೀನಿ ನೋಡು. ಬೊಂಬಾಯಿಂದ ಬಂದ ವಾಸುದೇವರಾಯ್ರು ಕಲಿಸಾಕತ್ತಾರ. ಹುಚ್ಚ ಮಾಸ್ತರ್!”

ಕಲಬುರಗಿಯ ಸ್ಟೇಶನ್ ಬಜಾರದ ಲಾಡ್ಜೊಂದರ ಮಾಳಿಗೆಯಲ್ಲಿ ಕೇಬಲ್‌ನವರ ಚಾನೆಲ್. ಜನ ಮನೆಯಿಂದ ಫೋನ್ ಮಾಡಿ ಕೇಳಿದ್ದನ್ನು ಆ ಕ್ಷಣವೇ ತೋರಿಸಬೇಕು. ಕ್ಯಾಮೆರಾಕ್ಕೆ ಸೇರಿದ್ದ ಸಿನಿಮಾದವರಿಗೋ ತಪ್ಪಾದರೆ ‘ಕಟ್’ ಎಂದು ಮತ್ತೆ ತೆಗೆಯುವ ರೂಢಿ. ಅದನ್ನು ಬಿಡಿಸುವುದೇ ರಾಯರ ಕೆಲಸ. ಫೋನ್ ಮಾಡಿದವರು ಕಾಣುವುದಿಲ್ಲವಲ್ಲ, ಅವರಿಗೆಂದು ರೆಕ್ಸಿನ್ ಗಾದಿಯ ಒಂದು ಕುರ್ಚಿ ಇಟ್ಟಿದ್ದರು. ಮನುಷ್ಯ ಕೂತಿದ್ದಾನೆಂದೇ ತಿಳಿದು ಒಂದು ಕ್ಯಾಮೆರಾ ಅದರ ಮೇಲಿರಬೇಕು.

ಅಭ್ಯಾಸಕ್ಕೆ ಫೋನ್ ಮಾಡುವ ಕೆಲಸ ಪೀರಪ್ಪ ನನಗೆ ಹಚ್ಚಿದ. ಅಭ್ಯಾಸವೂ ಕೇಬಲ್‌ನಲ್ಲಿ ಬರುತ್ತಿತ್ತು. ‘ತಬಲಾದಂವನ ಕೈ ತೋರಸ್ರಿ’ ಅಂದರೆ ಅಂಗಡಿಯ ಟಿವಿಯಲ್ಲಿ ಕೈ. ನನ್ನ ಮಾತು ಟಿವಿಯಿಂದ ತುಸು ತಡವಾಗಿ ಬರುತ್ತಿತ್ತು, ಬೆನ್ನ ಹಿಂದೆ ಇನ್ನೊಬ್ಬಳು ನಿಂತು ಅಂದ ಹಾಗೆ. ಒಮ್ಮೆ ಬೇಕೆಂದೇ ಸುಮ್ಮನಾದೆ. ಪೀರಪ್ಪ “ಕಟ್” ಅಂದ.

“ಮನಿಗಿ ಬಂದಾವ್ರು ಸುಮ್ನ ಕುಂತ್ರ ಎದ್ದು ನಡೀರಿ ಅಂತೀಯೇನಪಾ?” ರಾಯರು ಗದರಿದ್ದು ನನಗೂ ಕೇಳಿಸಿತು.

ಶ್ರಾವಣದ ಒಂದು ಸಂಜೆ, ಖರೇ ಕಾರ್ಯಕ್ರಮ. ಅಂಗಡಿಯಲ್ಲಿ ನೋಡುತ್ತಿದ್ದೆ; ಭಜನೆಯ ನಡುವೆ ಚಾನೆಲ್‌ಗೆ ಒಂದು ಫೋನ್ ಬಂತು. ಹಲೋ ಹಲೋ ಎಂದರೂ ಮಾತಿಲ್ಲ, ಬರೀ ಉಸಿರು. ರಾಯರು ಫೋನ್ ಇಡಗೊಡಲಿಲ್ಲ. ಟಿವಿಯ ತುಂಬ ಅದೇ ಕುರ್ಚಿ. ಹಾಡುವವರೂ ನಿಲ್ಲಿಸಿದರು. ಎಷ್ಟೋ ಹೊತ್ತಿನ ಮೇಲೆ ಆ ಕಡೆಯಿಂದಲೇ ಲೈನ್ ಕಡಿಯಿತು. ಆಗ, ತಗ್ಗಿದ್ದ ಗಾದಿ ಮೆಲ್ಲಗೆ ಮೇಲೆದ್ದಿತು, ಯಾರೋ ಎದ್ದು ಹೋದಂತೆ.

ಫೋನ್ ಮಾಡಲು ಅಂಗಡಿಗೆ ಬಂದಿದ್ದ ಜುಬೇದಾ “ಯಾ ಅಲ್ಲಾ” ಎಂದು ನನ್ನ ತೋಳು ಹಿಡಿದಳು.

ಮರುದಿನ ರಾಯರೇ ಬಸ್ಸಿಳಿದು ಬಂದರು. ಬಡಕಲು ಮನುಷ್ಯ, ಎದೆಯ ಮೇಲೆ ಕೈ.

“ಗಾದಿ ಎದ್ದದ್ದು ನೀವೂ ಕಂಡ್ರಿ?”

“ಕಂಡೆನ್ರಿ.”

ಅವರು ಕಣ್ಣು ಮುಚ್ಚಿದರು. “ನಮ್ಮ ತಾಯಿ ಭಾಗೀರಥಿಬಾಯಿಗೆ ಲಕ್ವಾ ಹೊಡದು ಮಾತು ಹೋಗಿತ್ರಿ. ಬಾಜೂ ಮನಿಯವ್ರು ನಂಬರ್ ಹಚ್ಚಿ ಆಕಿ ಕಿವಿಗಿಟ್ಟಿದ್ರಂತ. ನಾ ಶೂಟಿಂಗ್ ಗದ್ಲದಾಗ ಬರೀ ಉಸಿರು ಕೇಳಿ, ರಾಂಗ್ ನಂಬರ್ ಅಂತ ಇಟ್ಟೆ. ಅವತ್ತೇ ಹೋದ್ಳು.” ಆಮೇಲೆ ತುಸು ನಕ್ಕರು. “ನಿನ್ನಿ ನಾ ಇಡಲಿಲ್ರಿ. ಆಕಿನೇ ಇಟ್ಲು.”

ದೀಪಾವಳಿಗೆ ಮೊದಲೇ ಎದೆನೋವಿನಲ್ಲಿ ರಾಯರೂ ಹೋದರು. ಮೊಬೈಲ್ ಬಂದು ಅಂಗಡಿ ಮುಚ್ಚಿದೆ, ಆ ಫೋನನ್ನು ಮಾತ್ರ ಮನೆಗೆ ತಂದು ಹಾಕಿಸಿಕೊಂಡಿದ್ದೇನೆ. ಅಂಗಡಿಗೆ ಬಂದ ಆ ದಿನ ಬಸ್ಸು ಹತ್ತುವ ಮುಂದೆ ರಾಯರು ನನ್ನನ್ನು ಕೇಳಿದ್ದು ಇಷ್ಟೇ:

“ಬಾಯಾರ, ಯಾವಾಗರ ನಿಮ್ಮ ಫೋನ್ ಬಡದು ಆ ಕಡಿಂದ ಮಾತ ಬರಲಿಲ್ಲಂದ್ರ, ನನ್ನಂಗ ಇಟ್ಟುಬಿಡಬ್ಯಾಡ್ರಿ. ಒಂದು ಕುರ್ಚಿ ಎಳದು ಹಾಕ್ರಿ.”