ಹೊಳೆಯ ಕಡೆ ತಿರುಗಿದ ದುರ್ಬೀನು

ನನ್ನ ಗಂಡನ ಮನೆ ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಬಸ್ಸಿನಿಂದ ನಡುವೆ ಇಳಿದು ಒಳಗೆ ನಡೆಯಬೇಕು. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ನನ್ನ ನಾದಿನಿಯ ಗುರುತು ಹತ್ತುತ್ತದೆ. ಬರೆಯಲೇ ಎಂದು ಕೇಳಿದಾಗ ಆಕೆ, "ಎಲ್ಲಾ ಬರೀರಿ ವೈನಿ, ನನ್ನ ಹೆಸರೊಂದ ಬ್ಯಾಡ," ಅಂದಿದ್ದಳು. ಈ ಕಥೆಯಲ್ಲಿ ಬರುವ ಪೊಲೀಸನ ಹೆಸರನ್ನೂ ಬರೆಯುತ್ತಿಲ್ಲ. ಅವನ ಮೇಲಿನ ಕರುಣೆಯಿಂದಲ್ಲ, ಅವನ ಹೆಂಡತಿಯ ಮುಖ ನೋಡಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಎಲ್ಲಿ ನೋಡಿದರೂ ಬಾಂಬಿನ ಮಾತು. ನಮ್ಮೂರ ಹೊಳೆಯಿಂದ ಪಟ್ಟಣಕ್ಕೆ ಕುಡಿಯುವ ನೀರು ಎತ್ತುವ ಪಂಪ್‌ಹೌಸ್ ಇತ್ತು. ಯಾರೋ ಆ ನೀರಿಗೆ ವಿಷ ಹಾಕುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಒಂದು ದಿನ ಜೀಪು ಬಂತು. ಪಂಪ್‌ಹೌಸಿನ ಪಕ್ಕದಲ್ಲಿ ಎತ್ತರದ ಅಟ್ಟ ಕಟ್ಟಿ ಪೊಲೀಸನನ್ನು ಕೂರಿಸುತ್ತೇವೆ ಅಂದರು. ಯಾರೂ ಬೇಡವೆನ್ನಲಿಲ್ಲ, ನಮಗೂ ಭಯವಿತ್ತು. ಮಾವನವರು ತಮ್ಮ ಹೊಲದ ಬೇವಿನ ತೊಲೆಗಳನ್ನೇ ಕೊಟ್ಟರು. ಅತ್ತೆ ಅಟ್ಟದ ಮೇಲಿನವನಿಗೆ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಿದ್ದರು. "ನಮ್ಮ ನೀರ ಕಾಯಾಕ ಬಂದಾನ. ಹಸದ ಕುಂಡ್ರಬಾರದು," ಅನ್ನುತ್ತಿದ್ದರು.

ಅಟ್ಟದಿಂದ ಸಾಕಷ್ಟು ದೂರದಲ್ಲಿ ಹೊಳೆ ತಿರುಗುವ ಕಡೆ ನಾವು ಹೆಂಗಸರು ಅರಿವೆ ಒಗೆಯುವ ಜಾಗ. ಅಲ್ಲೇ ನಮ್ಮ ಸ್ನಾನವೂ ಆಗುತ್ತಿತ್ತು. ದೊಡ್ಡ ಬಂಡೆಯೊಂದು, ಸುತ್ತ ಜಾಲಿ. ಗಂಡಸರು ಆ ಕಡೆ ಬರುತ್ತಿರಲಿಲ್ಲ. ದನ ಹೊಡೆದುಕೊಂಡು ಬರುವವನು ಕೂಡ ದೂರದಿಂದಲೇ ಕೆಮ್ಮಿ ಬೇರೆ ದಾರಿ ಹಿಡಿಯುತ್ತಿದ್ದ.

ನಾದಿನಿ ಗಂಡನನ್ನು ಬಿಟ್ಟು ಬಂದು ಆಗ ನಮ್ಮೊಂದಿಗಿದ್ದಳು. ಅಳಿಯ ಗೋವಾಕ್ಕೆ ದುಡಿಯಲು ಹೋಗಿದ್ದಾನೆ ಎಂದು ಊರಿಗೆ ಹೇಳಿದ್ದೆವು. ನಿಜವೆಂದರೆ ಅವನು ಕಾದ ಕಬ್ಬಿಣದಿಂದ ಅವಳ ಬೆನ್ನಿಗೆ ಬರೆ ಹಾಕಿದ್ದ. ಅದನ್ನು ಕಂಡವರು ಅತ್ತೆ ಮತ್ತು ನಾನು ಮಾತ್ರ, ಮಾವನವರಿಗೂ ಪೂರ್ತಿ ಗೊತ್ತಿರಲಿಲ್ಲ. ಅವಳು ಎಲ್ಲರ ಸ್ನಾನವಾದ ಮೇಲೆ ಬಂಡೆಯ ಮರೆಗೆ ಹೋಗಿ, ನನ್ನನ್ನು ಕಾವಲು ನಿಲ್ಲಿಸಿ ಮೈ ತೊಳೆಯುತ್ತಿದ್ದಳು.

ಒಂದು ದಿನ ಬೆಲ್ಲ ತರಲು ಅಂಗಡಿಗೆ ಹೋಗಿದ್ದಳು. ಅಟ್ಟದ ಪೊಲೀಸ ಬೀಡಿ ಕೊಳ್ಳಲು ಬಂದವನು ಅಲ್ಲೇ ನಿಂತಿದ್ದ. ನಾಲ್ಕು ಜನರ ಮುಂದೆ ನಗುತ್ತ ಕೇಳಿದ, "ಏನವಾ, ಬೆನ್ನ ಮ್ಯಾಲಿನ ಸುಟ್ಟ ಕಲಿ ಇನ್ನೂ ಹಂಗ ಐತಲ್ಲ? ಗಂಡ ಬರಿ ಹಾಕಿದ್ನೇನ?"

ಅವಳು ಬೆಲ್ಲ ಅಲ್ಲೇ ಬಿಟ್ಟು ಓಡಿಬಂದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಕನಿಕರದ ನೆಪ ಮಾಡಿಕೊಂಡು ಹೆಂಗಸರು ಬಂದರು. ಒಬ್ಬಳು ಸೆರಗು ಸರಿಸಿ ನೋಡಲೂ ಹೋದಳು, ಅತ್ತೆ ಅವಳ ಕೈ ತಟ್ಟಿ ಹೊರಗೆ ಕಳಿಸಿದರು. ಅಂದಿನಿಂದ ನಾದಿನಿ ಹೊಳೆಗೆ ಬರುವುದನ್ನು ಬಿಟ್ಟಳು. ಮನೆಯ ಬಚ್ಚಲದಲ್ಲಿ ಕದ ಹಾಕಿಕೊಂಡು, ಕುಪ್ಪಸ ತೊಟ್ಟೇ ಮೈಮೇಲೆ ನೀರು ಸುರಿದುಕೊಳ್ಳುತ್ತಿದ್ದಳು.

ಅವನಿಗೆ ಕಂಡದ್ದಾದರೂ ಹೇಗೆ? ಮರುದಿನ ರೊಟ್ಟಿಯ ಗಂಟು ಹಿಡಿದು ನಾನೇ ಅಟ್ಟ ಹತ್ತಿದೆ. ಅವನು ಕೆಳಗೆಲ್ಲೋ ಹೋಗಿದ್ದ. ತೊಲೆಗೆ ದುರ್ಬೀನು ತೂಗುಬಿದ್ದಿತ್ತು. ಕಣ್ಣಿಗೆ ಹಿಡಿದು ಹೊಳೆಯ ಕಡೆ ತಿರುಗಿಸಿದೆ. ನಮ್ಮ ಬಂಡೆ ಕೈಗೆ ಸಿಗುವಷ್ಟು ಹತ್ತಿರ ಬಂತು. ಅದರ ಮೇಲೆ ಯಾರೋ ಮರೆತ ಸಾಬೂನಿನ ಚೂರು ಕೂಡ ಕಂಡಿತು. ಇಷ್ಟು ದಿನ ನಾವೆಲ್ಲರೂ, ಬಸುರಿಯರು, ಮುದುಕಿಯರು, ಮೊನ್ನೆ ಮೊನ್ನೆ ಮೈನೆರೆದ ಹುಡುಗಿಯರು, ಅವನ ಕಣ್ಣ ಮುಂದೆಯೇ ಸ್ನಾನ ಮಾಡಿದ್ದೆವು. ರೊಟ್ಟಿಯನ್ನು ವಾಪಸು ತಂದು ಎಮ್ಮೆಗೆ ಹಾಕಿದೆ.

ಮಾವ, ನನ್ನ ಗಂಡ, ನಾನು ಪಟ್ಟಣದ ಪೊಲೀಸ್ ಠಾಣೆಗೆ ಫೌಜದಾರರ ಬಳಿ ಹೋದೆವು. ಅವರು ಕುರ್ಚಿ ಹಾಕಿಸಿ, ಚಹಾ ತರಿಸಿ, ಎಲ್ಲವನ್ನೂ ಕೇಳಿದರು. ಆಮೇಲೆ, "ಭದ್ರತಾ ಅಂದಮ್ಯಾಲ ಎಲ್ಲಾ ಕಡೆ ನೋಡಬೇಕಾಗ್ತದ್ರಿ. ತಪ್ಪ ಮಾಡದಾವ್ರಿಗೆ ಅಂಜಿಕಿ ಯಾಕ?" ಅಂದರು.

ನನ್ನಿಂದ ತಡೆಯಲಾಗಲಿಲ್ಲ. "ಹಂಗಾದ್ರ ಸಾಹೇಬ್ರ, ನಿಮ್ಮನಿ ಬಚ್ಚಲಕ್ಕ ಬಾಗಲಾ ಯಾಕ ಹಚ್ಚೀರಿ? ಒಳಗ ಏನ್ ತಪ್ಪ ಮಾಡ್ತೀರಿ?"

ಫೌಜದಾರರ ಮುಖ ಕೆಂಪಾಯಿತು. ಮಾವನವರ ಕಡೆ ತಿರುಗಿ, "ಗೌಡ್ರ, ಹೆಣ್ಣಮಕ್ಕಳನ್ನ ಇಲ್ಲಿ ಕರಕೊಂಡ ಬರಬಾರದಿತ್ತು," ಅಂದರು. ಮನೆಗೆ ಬಂದ ಮೇಲೆ ಮಾವನವರು, "ತೊಲಿ ನಂದ ಆದ್ರೂ ಕಿತ್ತ ಹಾಕಾಕ ಬರೂದಿಲ್ಲ," ಅಂದು ಮಲಗಿಬಿಟ್ಟರು.

ಮಲಗುವುದು ನನ್ನಿಂದಾಗಲಿಲ್ಲ. ನಾನು ದೊಡವಾಡದ ಮಗಳು, ನಮ್ಮ ತವರಿನಲ್ಲಿ ಹೆಂಗಸರು ಸಿಟ್ಟನ್ನು ನುಂಗಿಕೊಂಡು ಕೂರುವವರಲ್ಲ. ಆ ಪೊಲೀಸನ ಮನೆ ಪಟ್ಟಣದ ಪೊಲೀಸ್ ಲೈನಿನಲ್ಲಿದೆ, ವಾರದ ರಜೆಗೆ ಅಲ್ಲಿಗೆ ಹೋಗುತ್ತಾನೆ ಎಂದು ಬಳೆಗಾರ್ತಿಯಿಂದ ತಿಳಿದುಕೊಂಡೆ. ಹೊಳೆಗೆ ಬರುವ ಹೆಂಗಸರ ಮನೆಮನೆಗೆ ಹೋಗಿ ದುರ್ಬೀನಿನ ಸಂಗತಿ ಹೇಳಿ, ಅವನ ಮನೆಗೆ ಹೋಗೋಣ ಅಂದೆ. ಕೆಲವರು ಒಪ್ಪಿದರು. ನಾದಿನಿಗೆ ಬಾ ಅನ್ನಲಿಲ್ಲ, ಅವಳೇ ಚಪ್ಪಲಿ ಮೆಟ್ಟಿ ನಿಂತಳು.

ಬೆಳಗಿನ ಬಸ್ಸಿಗೆ ಹೋಗಿ ಅವನ ಮನೆಯ ಅಂಗಳದಲ್ಲಿ ಸಾಲಾಗಿ ಕುಳಿತೆವು. ಅವನು ಬನಿಯನ್, ಲುಂಗಿಯಲ್ಲಿ ಹಲ್ಲುಜ್ಜುತ್ತ ಹೊರಗೆ ಬಂದವನು ನಮ್ಮನ್ನು ಕಂಡು ನಿಂತುಬಿಟ್ಟ.

"ಯಾಕ ಬಂದೀರಿ?"

"ಏನಿಲ್ರಿ, ನೋಡಾಕ ಬಂದೇವಿ. ನಿಮ್ಮ ಭದ್ರತಾಕ್ಕ," ಅಂದೆ.

ಮತ್ತೆ ಯಾರೂ ಏನೂ ಅನ್ನಲಿಲ್ಲ. ಬಯ್ಯಲಿಲ್ಲ, ಅಳಲಿಲ್ಲ. ಅವನು ಬಾಯಿ ಮುಕ್ಕಳಿಸುವುದನ್ನು ನೋಡಿದೆವು. ಚಹಾ ಕುಡಿಯುವುದನ್ನು ಕಿಟಕಿಯಿಂದ ನೋಡಿದೆವು. ತಂಬಿಗೆ ಹಿಡಿದು ಹಿತ್ತಲಿಗೆ ಹೊರಟಾಗ ಎಲ್ಲರೂ ಎದ್ದು ಹಿಂದೆ ಹೋದೆವು. ಅವನು ತಂಬಿಗೆ ಅಲ್ಲೇ ಕುಕ್ಕಿ ಹಿಂತಿರುಗಿದ. ಲೈನಿನ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅವನ ಹಣೆಯಲ್ಲಿ ಬೆವರು ಕಂಡಾಗ ನನ್ನ ಎದೆಯೊಳಗಿನ ಉರಿ ಮೊದಲ ಸಲ ಸ್ವಲ್ಪ ತಗ್ಗಿತು.

ಅವನ ಹೆಂಡತಿ ಹೊರಗೆ ಬಂದಳು. ನನ್ನದೇ ವಯಸ್ಸು. "ಏನಾಗೇತಿ ಅಂತ ಹೇಳ್ರೆವಾ. ಹಿಂಗ ಯಾಕ ಕುಂತೀರಿ?"

ನಾನು ಬಾಯಿ ತೆರೆಯುವ ಮೊದಲೇ ನಾದಿನಿ ಎದ್ದಳು. "ನಿಮಗ ಒಬ್ಬರಿಗೇ ಹೇಳತೇನ್ರಿ. ಒಳಗ ನಡೀರಿ." ಇಬ್ಬರೂ ಒಳಗೆ ಹೋದರು, ಕದ ಮುಚ್ಚಿತು. ಹೊರಗೆ ಅವನು ಗೋಡೆಗೆ ಒರಗಿ ನಿಂತಿದ್ದ. ನಾನು ಅವನ ಮುಖದಿಂದ ಕಣ್ಣು ಕೀಳಲಿಲ್ಲ.

ಕದ ತೆರೆದಾಗ ಹೆಂಡತಿಯ ಕಣ್ಣು ಕೆಂಪಾಗಿತ್ತು. ಗಂಡನ ಸ್ನಾನಕ್ಕೆ ಕಾಯಿಸಿದ್ದ ನೀರಿನ ಬಕೆಟ್ಟನ್ನು ಬಚ್ಚಲದಿಂದ ಎತ್ತಿ ತಂದು ಅಂಗಳದ ನಡುವೆ ಇಟ್ಟಳು. "ಇಲ್ಲೇ ಝಳಕಾ ಮಾಡ್ರಿ. ನಿಮಗೇನ್ ಅಂಜಿಕಿ? ನೀವೇನ್ ತಪ್ಪ ಮಾಡೀರಿ?" ಅಂದಳು. ಫೌಜದಾರರ ಮಾತು ಅವಳಿಗೆ ಹೇಗೆ ಗೊತ್ತಾಯಿತೋ, ಬಹುಶಃ ನಾದಿನಿ ಹೇಳಿರಬೇಕು. ಅವನು ಅಂಗಿ ಸಿಕ್ಕಿಸಿಕೊಂಡು, ಗುಂಡಿ ಹಾಕದೆ, ಲೈನಿನ ಉದ್ದಕ್ಕೂ ಎಲ್ಲರ ಎದುರು ನಡೆದು ಹೋದ. ಯಾರೋ ಒಬ್ಬ ಮುದುಕಿ ಥೂ ಅಂದದ್ದು ಕೇಳಿಸಿತು.

ಮನವಿಗೆ ಆಗದ ಕೆಲಸ ಆ ಬಕೆಟ್ಟಿನಿಂದ ಆಯಿತು. ಸುದ್ದಿ ಲೈನಿನಿಂದ ಸಾಹೇಬರ ಮನೆಗಳವರೆಗೂ ಹೋಯಿತಂತೆ. ಕೆಲವೇ ದಿನಗಳಲ್ಲಿ ಇಬ್ಬರು ಬಂದು ಅಟ್ಟದ ಹೊಳೆ ಕಡೆಯ ಬದಿಗೆ ತಗಡು ಹೊಡೆದರು. ಅವನನ್ನು ಕಿತ್ತೂರಿನ ಕಡೆ ವರ್ಗ ಮಾಡಿದರು. ಫೌಜದಾರರು ತಪ್ಪಾಯಿತೆಂದು ಎಂದೂ ಹೇಳಲಿಲ್ಲ.

ಊರವರಿಗೆ ಅಷ್ಟು ಸಾಕಾಗಿತ್ತು, ನನಗೆ ಸಾಕಾಗಲಿಲ್ಲ. ಕಿತ್ತೂರಿನಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ. ಅವನು ಹಾಜರಾಗುವ ಮೊದಲೇ ಅವನ ಕಥೆ ಅಲ್ಲಿ ಹಾಜರಾಗಿತ್ತು. ಮುಂದೆ ರಾಮದುರ್ಗದ ಕಡೆ ಹೋದ, ಅಲ್ಲಿಗೂ ನೇಕಾರರ ಓಣಿಯ ಗೆಳತಿಯ ಕೈಯಲ್ಲಿ ಸುದ್ದಿ ಮುಟ್ಟಿಸಿದೆ. ಎಲ್ಲಿ ಹೋದರೂ ಹೆಂಗಸರು ಅವನನ್ನು ಕಂಡು ಸೆರಗು ಎಳೆದುಕೊಂಡು ಬಾಗಿಲು ಹಾಕುತ್ತಿದ್ದರಂತೆ. "ಇನ್ನ ಸಾಕ ಮಾಡು," ಎಂದು ನನ್ನ ಗಂಡ ಎಷ್ಟೋ ಸಲ ಅಂದ. ನಾದಿನಿಯೂ ಅಂದಳು. ಅವಳು ಆ ಹೊತ್ತಿಗೆ ಬೇರೊಂದು ಊರಿನಲ್ಲಿ ಅಂಗನವಾಡಿಯ ಕೆಲಸ ಹಿಡಿದಿದ್ದಳು, ಮಕ್ಕಳ ನಡುವೆ ಸ್ವಲ್ಪ ನಗುತ್ತಿದ್ದಳು. ಹೊಳೆಗೆ ಮಾತ್ರ ಮತ್ತೆ ಇಳಿಯಲಿಲ್ಲ. ಅದಕ್ಕೇ ನಾನು ಸಾಕು ಮಾಡಲಿಲ್ಲ.

ಕೆಲವು ವರ್ಷಗಳ ಮೇಲೆ ರಾಮದುರ್ಗದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹೆಂಗಸು ಕಿವಿಯ ಬಳಿ ಬಗ್ಗಿ, "ಆ ಪೊಲೀಸಪ್ಪ ನೀವ ಬಂದೀರಿ ಅಂತ ಕೇಳಿ ಹೇಳಿ ಕಳಸ್ಯಾನ್ರಿ. ಇನ್ನರೆ ಬಿಡ್ರಿ ಅಂತಾನ," ಅಂದಳು.

"ನಾ ಸಾಯೂತನಾ ಬಿಡೂದಿಲ್ಲ ಅಂತ ಹೇಳ್ರಿ," ಅಂದೆ.

ಆ ದಿನದ ಊಟ ಬಹಳ ರುಚಿಯಾಗಿತ್ತು. ಹೋಳಿಗೆಯನ್ನು ಎರಡನೇ ಸಲ ಹಾಕಿಸಿಕೊಂಡು, ಮೇಲೆ ತುಪ್ಪ ಬಿಡಿಸಿಕೊಂಡು ಉಂಡೆ.