ಮುನಿಆಂಜನಪ್ಪನವರು ಕಲಿಸಿದ ಕಪ್ಪು ಪರದೆ

ಕೆ.ಆರ್. ಪುರದ ಆಚೆ, ಬಣ್ಣಕ್ಕೆ ಬೇಕಾಗುವ ರಾಳವನ್ನು ಕುದಿಸುವ ಕಾರ್ಖಾನೆಯಲ್ಲಿ ಮುನಿಆಂಜನಪ್ಪನವರು ಇಪ್ಪತ್ತೇಳು ವರ್ಷ ಆಪರೇಟರ್ ಆಗಿದ್ದರು. ಹಲಸೂರಿನವರು. ಅಂಗಿಯ ಜೇಬಿನಲ್ಲಿ ಸದಾ ಒಂದು ಸಣ್ಣ ಟಾರ್ಚು. ಕಂಟ್ರೋಲ್ ರೂಮಿನಲ್ಲಿ ಎಲ್ಲ ಅಂಕಿಗಳೂ ಪರದೆಯ ಮೇಲೆಯೇ ಬೆಳಗುತ್ತಿರುವಾಗ ಟಾರ್ಚು ಏಕೆಂದು ನಾನು ಒಳಗೊಳಗೇ ನಗುತ್ತಿದ್ದೆ.

ಶಹಾಪುರದಲ್ಲಿ ಡಿಪ್ಲೊಮಾ ಮುಗಿಸಿ ಅವರ ಕೈಕೆಳಗೆ ಕಲಿಯಲು ಸೇರಿದ್ದೆ. ಆರು ತಿಂಗಳಾದ ಮೇಲೆ ಅವರು ಸಹಿ ಹಾಕಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಊರಿನ ಬಸ್ಸು.

ಎರಡನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಅವರು ಚಹಾಕ್ಕೆ ಹೋದಾಗ ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು. ನಾನು ಗಾಬರಿಯಲ್ಲಿ ತುರ್ತು ನಿಲುಗಡೆಯ ಕೆಂಪು ಗುಂಡಿ ಒತ್ತಿಬಿಟ್ಟೆ. ದೊಡ್ಡ ಹಂಡೆಯೊಳಗೆ ರಾಳವನ್ನು ಕಲಕುತ್ತಿದ್ದ ಯಂತ್ರ ನಿಂತಿತು. ಸದ್ದು ನಿಂತದ್ದು ಕೇಳಿ ಮುನಿಆಂಜನಪ್ಪನವರು ಓಡಿ ಬಂದರು.

“ಸ್ಕ್ರೀನ್ ಕರ್ರಗಾತ್ರಿ ಸರ್. ಎಲ್ಲಾ ನಿಂತದ ಅನ್ಕೊಂಡೆ.”

“ನಿಂತಿರ್ಲಿಲ್ಲ ಕಣಮ್ಮ. ನೀನು ನಿಲ್ಸಿದೆ.”

ಸಂಜೆಯೊಳಗೆ ರಾಳ ಹಂಡೆಯಲ್ಲೇ ಕಲ್ಲಾಯಿತು. ಮ್ಯಾನೇಜರ್ ರವಿಕಿರಣ ಬಂದು ನಿಂತರು. “ಸ್ಕ್ರೀನ್ ಹೋದ್ರೆ ಏನ್ ಮಾಡ್ಬೇಕು ಅಂತ ಈ ಹುಡುಗಿಗೆ ಯಾರೂ ಹೇಳಿಲ್ವಾ?”

“ನಾನೇ ಹೇಳ್ಕೊಟ್ಟಿರ್ಲಿಲ್ಲ ಸಾರ್. ತಪ್ಪು ನನ್ದು,” ಎಂದರು ಮುನಿಆಂಜನಪ್ಪ.

ಅವರು ಹೇಳಿಕೊಟ್ಟಿದ್ದರು. ಮೊದಲ ವಾರವೇ. ನನ್ನ ನೋಟ್‌ಬುಕ್ಕಿನಲ್ಲಿ ಅದು ದುಂಡಾದ ಅಕ್ಷರಗಳಲ್ಲಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ತಲೆಯಾಡಿಸಿ ತಡೆದರು. ರಾಳವನ್ನು ಉಳಿ ಸುತ್ತಿಗೆ ಹಿಡಿದು ಮೂರು ದಿನ ಕೆತ್ತಿದವರಲ್ಲಿ ಅವರೂ ಇದ್ದರು.

ಆ ಭಾನುವಾರ ರಸೆಲ್ ಮಾರುಕಟ್ಟೆಗೆ ಬರಹೇಳಿದರು. ಅಲ್ಲಿ ಅವರ ಹೆಂಡತಿ ಲಕ್ಷ್ಮಿದೇವಿಯವರ ಹೂವಿನ ಅಂಗಡಿ. ಕರೆಂಟ್ ಹೋಗಿ ಒಳಗೆಲ್ಲ ಮಬ್ಬು. ಆದರೂ ಲಕ್ಷ್ಮಿದೇವಿಯವರ ಮೊಣಕೈ ಸೇವಂತಿಗೆಯನ್ನು ಮೊಳ ಹಾಕುತ್ತಲೇ ಇತ್ತು. ಪಕ್ಕದ ಅಂಗಡಿಯಲ್ಲಿ ನಿಂಬೆಹಣ್ಣಿನ ಎಣಿಕೆಯೂ ನಿಂತಿರಲಿಲ್ಲ.

“ಅಂಗಡಿ ಮುಚ್ಚಿದಾರಾ?” ಎಂದು ಮುನಿಆಂಜನಪ್ಪನವರು ಕೇಳಿದರು.

“ಇಲ್ರಿ.”

“ನಮಗೆ ಕಾಣ್ತಿಲ್ಲ, ಅಷ್ಟೆ. ಅವರವರ ಕೆಲಸ ಅವರವರು ಮಾಡ್ತಾನೇ ಇದಾರೆ. ನಮ್ ಕಾರ್ಖಾನೆ ನಡೆಸೋ ಡಿಸಿಎಸ್ಸೂ ಹಂಗೇ. ಶಾಖಕ್ಕೊಂದು ಕಂಟ್ರೋಲರು, ಕಲಕೋಕೊಂದು, ಎಲ್ಲಾ ಬೇರೆಬೇರೆ ಪೆಟ್ಟಿಗೇಲಿ. ಸ್ಕ್ರೀನು ಬರೀ ಕಿಟಕಿ. ಕಿಟಕಿ ಮುಚ್ಕೊಂಡ್ರೆ ಎದ್ದು ಹೋಗಿ ನೋಡ್ಬೇಕು.”

“ಭಾನುವಾರಾನೂ ಪಾಠಾನಾ?” ಎಂದರು ಲಕ್ಷ್ಮಿದೇವಿ. “ಇವರಿಗೆ ಮೊಳ ಹಾಕೋಕ್ ಬರಲ್ಲಮ್ಮ. ಒಂದ್ಸಲ ಕೂರ್ಸಿದ್ದೆ, ಅರ್ಧ ಬುಟ್ಟಿ ಧರ್ಮಕ್ಕೆ ಹೋಯ್ತು.” ನನ್ನ ಜಡೆಗೆ ತಾವೇ ಹೂ ಮುಡಿಸಿದರು.

ಆರನೆಯ ತಿಂಗಳ ಕೊನೆಯ ದಿನ, ಮ್ಯಾನೇಜರ್ ನೋಡುತ್ತಿರುವಂತೆಯೇ, ಮುನಿಆಂಜನಪ್ಪನವರು ಪರದೆಯ ವೈರು ಕಿತ್ತರು. ಮತ್ತೆ ಅದೇ ಕಪ್ಪು. ನನ್ನ ಬೆರಳುಗಳು ಕೆಂಪು ಗುಂಡಿಯ ಕಡೆಗೆ ಒಮ್ಮೆ ಅಲುಗಿದವು. ಅವನ್ನು ಮಡಚಿಕೊಂಡೆ. ಕೈ ಚಾಚಿದೆ. ಅವರು ಜೇಬಿನಿಂದ ಟಾರ್ಚು ತೆಗೆದು ಕೊಟ್ಟರು.

ಹಂಡೆಯ ಹಿಂದಿನ ಇಕ್ಕಟ್ಟಿನಲ್ಲಿ ಬೆಳಕು ಬಿಟ್ಟೆ. ಮಾಪಕದ ಮುಳ್ಳು ಇರಬೇಕಾದಲ್ಲೇ ಇತ್ತು. ಕಲಕುವ ಯಂತ್ರದ ಗುನುಗು ಕಬ್ಬಿಣದ ಮೆಟ್ಟಿಲಿನಿಂದ ನನ್ನ ಪಾದಕ್ಕೆ ಹತ್ತುತ್ತಿತ್ತು. ಹಿಂದಿರುಗಿ ಬಂದೆ.

“ನಡದದ್ರಿ ಸರ್.”

ಅವರು ಸಹಿ ಹಾಕಿದರು. ಟಾರ್ಚು ಹಿಂತಿರುಗಿಸಲು ಹೋದರೆ, “ಇಟ್ಕೊಳಮ್ಮ, ಸೆಲ್ ಮಾತ್ರ ನೀನೇ ಹಾಕ್ಸ್ಕೋ,” ಎಂದರು.

ಕಳೆದ ವರ್ಷ ಅವರು ನಿವೃತ್ತರಾದರು. ಪರದೆ ಹೋದರೆ ಏನು ಮಾಡಬೇಕೆಂದು ಬರೆದುಕೊಂಡಿದ್ದ ಆ ನೋಟ್‌ಬುಕ್ಕಿನ ಪುಟವನ್ನು ನಾನು ಹರಿದಿಲ್ಲ. ಹೊಸಬರು ಬಂದಾಗ ಮೊದಲು ಅದನ್ನೇ ತೋರಿಸುತ್ತೇನೆ, ಅದು ಯಾರ ತಪ್ಪಾಗಿತ್ತು ಎಂಬುದನ್ನೂ ಹೇಳುತ್ತೇನೆ.